ಆರಡಿ ಒಳಗೆ ಬಂದ ಬೇಲಿ

ನಮ್ಮ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ ಒಂದು ರೇಸ್ ಕುದುರೆಯನ್ನು ಒಂದು ವರ್ಷ ಸಾಕಲು ಎಷ್ಟು ಖರ್ಚಾಗುತ್ತದೆ ಎಂದು ಯಾರಾದರೂ ಕೇಳಿದರೆ ಕಮ್ಮಾರ ಡೋಸಿಯ ಬಳಿಗೆ, ಅಂದರೆ ನನ್ನಲ್ಲಿಗೆ ಕಳಿಸಿ. ಓಟ್ಸ್‌ಗೆ ಮೂವತ್ತೆಂಟು ಡಾಲರ್. ಹುಲ್ಲು ಸ್ವಂತ ಹೊಲದ್ದಾದರೆ ಸೊನ್ನೆ, ಇಲ್ಲವಾದರೆ ಇಪ್ಪತ್ತು. ಲಾಳಕ್ಕೆ ಸಲಕ್ಕೆರಡರಂತೆ ಹದಿನಾರು. ಅದು ನನ್ನ ಕೈಸೇರುವ ಹಣವಾದ್ದರಿಂದ ದುಬಾರಿ ಎನ್ನಲಾರೆ. ಕಾಲಿಗೆ ತಿಕ್ಕುವ ಎಣ್ಣೆ, ಬಂಡಿಯ ಟೈರು, ಪಂದ್ಯಕ್ಕೆ ಹೆಸರು ಬರೆಸುವ ಫೀಸು ಎಲ್ಲ ಸೇರಿ ಇನ್ನೊಂದು ಮೂವತ್ತು. ಒಟ್ಟು ನೂರರ ಆಸುಪಾಸು. ಅದೇ ದುಡ್ಡಿಗೆ ಕರೆಯುವ ಹಸು ಎರಡು ಬರುತ್ತವೆ ಎಂದು ಯೂಫೀಮಿಯಾ ವರ್ಷವಿಡೀ ಹೇಳುತ್ತಿದ್ದಳು. ಅದನ್ನು ಕೇಳಿಸಿಕೊಳ್ಳಬೇಕಾಗಿದ್ದ ಅವಳ ಗಂಡ ಫಿನ್ಲೇ ಮಕಾಸ್ಕಿಲ್ ಆ ಹೊತ್ತಿಗೆ ಸರಿಯಾಗಿ ಲಾಯದಲ್ಲಿರುತ್ತಿದ್ದ.

ಲಾಯದಲ್ಲಿದ್ದದ್ದು ಟಿಲ್ಲಿ ಎಂಬ ಕಂದು ಹೆಣ್ಣು ಕುದುರೆ. ಎಂಬತ್ತೈದು ಡಾಲರಿಗೆ ತಂದದ್ದು. ಯೂಫೀಮಿಯಾ ಆ ವಸಂತದಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: "ಆಗಸ್ಟಿನಲ್ಲಿ ಶಾರ್ಲಟ್‌ಟೌನ್ ಪಂದ್ಯ ಗೆದ್ದು ತೊಂಬತ್ತು ಡಾಲರ್ ತಂದ್ರೆ ಇರ್ಲಿ. ಇಲ್ಲಾಂದ್ರೆ ಮಾರಾಟ. ಇನ್ನೊಂದು ಮಾತಿಲ್ಲ."

ಆ ಪಂದ್ಯವನ್ನು ಟಿಲ್ಲಿ ಗೆಲ್ಲುವುದು ಬಹುಮಟ್ಟಿಗೆ ಖಾತ್ರಿಯಾಗಿತ್ತು. ಅದು ಅವಳ ವೇಗದಿಂದಲ್ಲ, ಫಿನ್ಲೇಯ ಎಚ್ಚರಿಕೆಯಿಂದ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಕುದುರೆ ಎರಡು ಗಾಲಿಯ ಹಗುರ ಬಂಡಿ ಎಳೆಯುತ್ತ, ನಾಗಾಲೋಟಕ್ಕೆ ಬೀಳದೆ ಹೆಜ್ಜೆ ಹಿಡಿದು, ಅರ್ಧ ಮೈಲಿಯ ಸುತ್ತನ್ನು ಎರಡು ಸಲ ಓಡಬೇಕು. ಗೆದ್ದ ಕುದುರೆಯ ಸಮಯ ಮಾತ್ರ ದಾಖಲೆಗೆ ಹೋಗುತ್ತದೆ. ಆ ದಾಖಲೆ ನೋಡಿ ದರ್ಜೆ. ಎರಡು ನಿಮಿಷ ಇಪ್ಪತ್ತೈದು ಸೆಕೆಂಡಿಗಿಂತ ಬೇಗ ಎಂದೂ ಗೆಲ್ಲದ ಕುದುರೆಗಳದ್ದು 'ಎರಡು-ಇಪ್ಪತ್ತೈದರ ದರ್ಜೆ'. ಒಂದೇ ಒಂದು ಸಲ ಆ ಗೆರೆ ದಾಟಿತೋ, 'ಎರಡು-ಇಪ್ಪತ್ತರ ದರ್ಜೆ'. ಅಲ್ಲಿರುವವು ಬಿರುಗಾಳಿಗಳು. ಮೇಲೆ ಹೋದದ್ದು ಸಾಯುವವರೆಗೂ ಕೆಳಗೆ ಬರುವ ಹಾಗಿಲ್ಲ. ಆದ್ದರಿಂದ ನಮ್ಮಲ್ಲಿ ಬುದ್ಧಿವಂತನೆಂದರೆ ಕುದುರೆಯನ್ನು ಓಡಿಸುವವನಲ್ಲ, ತಡೆಯುವವನು. ಫಿನ್ಲೇ ಎರಡು ವರ್ಷ ಟಿಲ್ಲಿಯನ್ನು ಲಗಾಮಿನಲ್ಲಿ ಬಿಗಿಹಿಡಿದು ಎರಡು-ಇಪ್ಪತ್ತೇಳರ ಹತ್ತಿರವೇ ಗೆಲ್ಲಿಸಿಕೊಂಡು ಬಂದಿದ್ದ. ಗಡಿಯಾರ ಕೊಳ್ಳಲು ದುಡ್ಡಿರಲಿಲ್ಲ. ಚರ್ಚಿನ ಒಂದು ಕೀರ್ತನೆಯನ್ನು ಗುನುಗುತ್ತಿದ್ದ. ಎಂಟು ಚರಣ ಪೂರ್ತಿ ಮುಗಿದರೆ ಎರಡು-ಇಪ್ಪತ್ತಾರೂವರೆ. ಎರಡು ವರ್ಷದಲ್ಲಿ ಆ ಲೆಕ್ಕ ಒಂದು ಸಲವೂ ತಪ್ಪಿರಲಿಲ್ಲ.

ಇಷ್ಟು ಜಾಣನಾದವನು ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನಿಗೆ ಪಂದ್ಯದ ತೀರ್ಪುಗಾರನಾಗಿ ಎದೆಗೆ ನೀಲಿ ರಿಬ್ಬನ್ ಚುಚ್ಚಿಕೊಳ್ಳುವ ಆಸೆ. ನಮ್ಮ ಡನ್‌ಕೋವ್ ರೇಸ್ ಸಂಘದ ಕಾರ್ಯದರ್ಶಿ ಹೆಕ್ಟರ್ ಬೀಟನ್, ಊರಿನ ಏಕೈಕ ಅಂಗಡಿಯ ಮಾಲೀಕ. ರಿಬ್ಬನ್‌ಗಳ ಪೆಟ್ಟಿಗೆ ಅವನ ಬಳಿಯೇ ಇತ್ತು. ಆ ವರ್ಷ ಓಟದ ಹಾದಿಯ ಒಳಬದಿಯ ಬೇಲಿ ಕೊಳೆತುಹೋಗಿತ್ತು. ಹೊಸ ಕಂಬ ನೆಡಲು ಯಾರು ಬರುತ್ತೀರಿ ಎಂದು ಹೆಕ್ಟರ್ ಕೇಳಿದಾಗ ಎಲ್ಲರೂ ಬೂಟು ನೋಡಿಕೊಂಡರು. ಫಿನ್ಲೇ ಕೈ ಎತ್ತಿದ.

ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಮೂರು ಹಳೆಯ ಬುಡ ಕಿತ್ತದ್ದಾಯಿತು. ಉಳಿದದ್ದು ಇನ್ನೂರ ಐವತ್ತೇಳು. ಫಿನ್ಲೇ ಗುದ್ದಲಿ ಊರಿ ನಿಂತು ಯೋಚಿಸಿದ. ಹಳೆಯ ಬುಡವನ್ನು ನೆಲದ ಮಟ್ಟಕ್ಕೆ ಗರಗಸದಿಂದ ಕೊಯ್ದುಬಿಟ್ಟು, ಒಳಬದಿಯ ಹುಲ್ಲುನೆಲದಲ್ಲಿ ಹೊಸ ಗುಂಡಿ ತೋಡಿದರೆ ಮಣ್ಣು ಬೆಣ್ಣೆಯ ಹಾಗೆ ಬರುತ್ತಿತ್ತು. ಕೆಲಸ ಮೈಗಳ್ಳತನದ್ದಾದರೂ ಅಚ್ಚುಕಟ್ಟು ಮಾತ್ರ ಪ್ರಾಮಾಣಿಕವಾಗಿತ್ತು. ಆರಡಿಯ ಕೋಲು ಕೊಯ್ದುಕೊಂಡು ಪ್ರತಿ ಕಂಬವನ್ನೂ ಹಳೆಯ ಬುಡದಿಂದ ಸರಿಯಾಗಿ ಆರಡಿ ಒಳಗೆ ನೆಟ್ಟ. ಸುಣ್ಣ ಬಳಿದ. ಹಳೆಯ ಸಾಲನ್ನು ಹದ ಮಾಡಿ ಹಾದಿಗೆ ಸೇರಿಸಿಬಿಟ್ಟ.

ಹೆಕ್ಟರ್ ಬಂದು ನೋಡಿದ. "ಏನಯ್ಯಾ ಫಿನ್ಲೇ, ಬೇಲಿ ಒಳಗೆ ಹೋದ ಹಾಗಿದೆ?"

ಇಲ್ಲಿ ಫಿನ್ಲೇ 'ಸೋಮಾರಿತನ ಆಯ್ತಪ್ಪಾ' ಅಂದಿದ್ದರೆ ಸಾಕಿತ್ತು. ಅವನು ಟೋಪಿ ಹಿಂದಕ್ಕೆ ಸರಿಸಿ, "ಬೇಕಂತ್ಲೇ ಹಾಕಿದ್ದು ಹೆಕ್ಟರ್. ತಿರುವಿನಲ್ಲಿ ಬಂಡಿಗೆ ಬಂಡಿ ಉಜ್ಜುತ್ತಿತ್ತಲ್ಲ? ಈಗ ಒಂದು ಬಂಡಿ ಹೆಚ್ಚು ಹಿಡಿಯುತ್ತೆ. ಇದನ್ನ ಯೋಜನೆ ಅಂತಾರೆ" ಅಂದ.

"ಅಗಲ ಮಾಡಿದ್ದೀಯಾ!" ಎಂದು ಹೆಕ್ಟರ್ ಬೆರಗಾದ. ಸಂಘದ ಸಭೆಯಲ್ಲಿ ಚಪ್ಪಾಳೆ ಬಿತ್ತು. ನೀಲಿ ರಿಬ್ಬನ್ ಎದೆಗೇರಿತು. ಹಾದಿಯ ಅಗಲವನ್ನು ಊರಿನ ಪ್ರತಿಯೊಬ್ಬ ಗಂಡಸೂ ಹೆಜ್ಜೆ ಹಾಕಿ ಅಳೆದು ಖುಷಿಪಟ್ಟ. ಉದ್ದದ ಬಗ್ಗೆ ಯಾರೂ ಉಸಿರೆತ್ತಲಿಲ್ಲ. ಗಾಲಿಗೆ ಕಬ್ಬಿಣದ ಪಟ್ಟಿ ಕೊಯ್ದು ಕೂರಿಸುವ ಕಮ್ಮಾರನಾದ ನನಗಂತೂ ಮೊದಲು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಜುಲೈ ಒಂದನೇ ತಾರೀಖು ಊರಿನ ಪಂದ್ಯ. ಮೊದಲನೇ ಓಟದಲ್ಲೇ ಗೆದ್ದ ಕುದುರೆ ತನ್ನ ಹಳೆಯ ಸಮಯಕ್ಕಿಂತ ಎರಡು ಸೆಕೆಂಡ್ ಬೇಗ ಬಂತು. ಎರಡನೆಯದ್ದರಲ್ಲೂ ಎರಡು ಸೆಕೆಂಡ್. ಹೆಕ್ಟರನ ಸ್ವಂತ ಕುದುರೆ ಕರ್ನಲ್ ಎರಡು-ಹತ್ತೊಂಬತ್ತರಿಂದ ಎರಡು-ಹದಿನೇಳಕ್ಕೆ ಇಳಿಯಿತು. ಗಡಿಯಾರದ ಕಟ್ಟೆಯಲ್ಲಿ ಮೂವರು ಮೂರು ಗಡಿಯಾರ ಹಿಡಿದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನನ್ನ ಅಂಗಡಿ ಓಟ್ಸ್!" ಎಂದ ಹೆಕ್ಟರ್. "ಈ ಸಲ ಕಾಕಂಬಿ ಬೆರೆಸಿ ಕೊಟ್ಟಿದ್ದೀನಿ. ಕುದುರೆ ಒಳಗೆ ಬೆಂಕಿ ಹತ್ತಿದ ಹಾಗೆ."

"ಓಟ್ಸ್ ಅಂತೆ" ಎಂದರು ಫಾದರ್ ಪಿಯಸ್. ಅವರಿಗೆ ಒಂದು ಕುದುರೆಯಲ್ಲಿ ಕಾಲು ಪಾಲಿತ್ತು, ಆ ಪಾಲು ಮುಂಗಾಲಿನದ್ದು ಎಂದು ಅವರ ನಂಬಿಕೆ. "ರಕ್ತ ನೋಡಬೇಕು ಹೆಕ್ಟರ್, ರಕ್ತ. ಹದಿನೈದು ವರ್ಷದಿಂದ ಒಳ್ಳೆ ಗಂಡಿಗೆ ಒಳ್ಳೆ ಹೆಣ್ಣು ಕೂಡಿಸ್ತಾ ಬಂದಿದ್ದೀವಿ. ಅದರ ಫಲ ಇವತ್ತು ಕಾಣ್ತಾ ಇದೆ."

"ಹದಿನೈದು ವರ್ಷದ ಫಲ ಒಂದೇ ದಿನ ಬೆಳಿಗ್ಗೆ ಬರುತ್ತಾ ಫಾದರ್?" ಎಂದೆ ನಾನು. "ನನ್ನ ಹೊಸ ಲಾಳ ನೋಡಿ. ಒಂದೊಂದರಲ್ಲಿ ಒಂದು ಔನ್ಸ್ ಕಡಿಮೆ. ಕಾಲು ತಾನಾಗಿ ಏಳುತ್ತೆ."

ಮೂವರೂ ಹೇಳಿದ್ದು ಬೇರೆ ಊರಿನ ಮಟ್ಟಿಗೆ ನಿಜವೇ. ಕುದುರೆಗಳು ಎಲ್ಲೆಡೆ ವರ್ಷದಿಂದ ವರ್ಷಕ್ಕೆ ಚುರುಕಾಗುತ್ತಿರುವುದು ತಳಿಯಿಂದ, ಹಗುರ ಬಂಡಿಯಿಂದ, ಹಗುರ ಲಾಳದಿಂದ, ಗಟ್ಟಿ ಹಾದಿಯಿಂದ. ಆ ದಿನ ಡನ್‌ಕೋವ್‌ನಲ್ಲಿ ಮಾತ್ರ ಬೇರೆ ಕಾರಣವಿತ್ತು. ಅದು ಗೊತ್ತಿಲ್ಲದ ನಾನು ಅಲ್ಲೇ ನಿಂತು ಲಾಳದ ದರವನ್ನು ಎರಡೂವರೆ ಡಾಲರಿಗೆ ಏರಿಸಿದೆ.

ಕೊನೆಯ ಓಟ ಟಿಲ್ಲಿಯದು. ಗೆದ್ದರೆ ಹದಿನೆಂಟು ಡಾಲರ್; ಶಾರ್ಲಟ್‌ಟೌನಿನ ಫೀಸು ಅದರಲ್ಲೇ ಹುಟ್ಟಬೇಕು. ಫಿನ್ಲೇ ಕೀರ್ತನೆ ಶುರುಮಾಡಿದ. ಎರಡನೇ ಸುತ್ತಿನಲ್ಲಿ ಎಲ್ಲರನ್ನೂ ಹಿಂದೆ ಹಾಕಿ, ಲಗಾಮು ಎಳೆದು ಹಿಡಿದು, ನಿಶ್ಚಿಂತೆಯಿಂದ ಎಂಟನೇ ಚರಣ ಗುನುಗುತ್ತ ಬಂದ. ಚರಣ ಮುಗಿಯಲು ಇನ್ನೂ ಅರ್ಧ ಸಾಲು ಇದೆ ಎನ್ನುವಾಗ ಗೆಲುವಿನ ಕಂಬ ಅವನ ಕಿವಿಯ ಪಕ್ಕದಲ್ಲೇ ಹಾದುಹೋಯಿತು.

ಹೆಕ್ಟರ್ ಕೊಂಬು ಬಾಯಿಗಿಟ್ಟು ಕೂಗಿದ: "ಟಿಲ್ಲಿ! ಎರಡು-ಇಪ್ಪತ್ತನಾಲ್ಕೂವರೆ!"

ಜನ ಹೋ ಎಂದರು. ಫಿನ್ಲೇ ಬಂಡಿಯಲ್ಲಿ ಕುಳಿತಲ್ಲೇ ಗಳಗಳನೆ ಅತ್ತುಬಿಟ್ಟ.

"ಆನಂದಬಾಷ್ಪ" ಎಂದರು ಫಾದರ್ ಪಿಯಸ್. ಜನ ಅವನನ್ನು ಹೆಗಲ ಮೇಲೆ ಹೊತ್ತರು. ಅವನು ಮೇಲಿನಿಂದ "ಇಳಿಸ್ರೋ, ಹಾಳಾಗಿಹೋದೆ, ಇಳಿಸ್ರೋ!" ಎಂದು ಕೂಗುತ್ತಿದ್ದ. ಅವರು ಇನ್ನೊಂದು ಸುತ್ತು ಹೊತ್ತರು.

ಇಳಿದವನೇ ನೇರ ಗಡಿಯಾರದ ಕಟ್ಟೆಗೆ ಓಡಿದ. "ಹೆಕ್ಟರ್, ನಿನ್ನ ಗಡಿಯಾರ ಕೆಟ್ಟಿದೆ."

"ನಮ್ಮಜ್ಜ ಸ್ಕಾಟ್ಲೆಂಡಿನಿಂದ ಜೇಬಲ್ಲಿಟ್ಟುಕೊಂಡು ಬಂದ ಗಡಿಯಾರ ಕಣಯ್ಯಾ ಇದು!"

"ಹಾಗಾದ್ರೆ ಹಡಗಲ್ಲಿ ನೀರು ಕುಡಿದಿರುತ್ತೆ. ನನ್ನ ಕುದುರೆ ಅಷ್ಟು ಬೇಗ ಓಡೋದಿಲ್ಲ. ನನಗೆ ಗೊತ್ತು, ಅದು ಮಂದ. ಆಮೆ ಅದು!"

ಮೂವತ್ತು ವರ್ಷದಿಂದ ಪಂದ್ಯ ನಡೆಸುತ್ತಿದ್ದ ಹೆಕ್ಟರ್, ತನ್ನ ಕುದುರೆ ಮಂದವೆಂದು ಗೋಗರೆಯುವ ಮಾಲೀಕನನ್ನು ಅದೇ ಮೊದಲು ನೋಡಿದ. "ಬಿಸಿಲು ಹೊಡೆದಿದೆ. ನೆರಳಿಗೆ ಕರ್ಕೊಂಡ್ಹೋಗಿ" ಎಂದು ನನಗೆ ಹೇಳಿ, ದಾಖಲೆ ಪುಸ್ತಕ ತೆರೆದು ಶಾಯಿಯಲ್ಲಿ ಬರೆದುಬಿಟ್ಟ.

ಅವನನ್ನು ಮನೆಗೆ ಕರೆತಂದೆ. ಯೂಫೀಮಿಯಾ ಅಡುಗೆಮನೆಯ ನೆಲದ ಮೇಲೆ ಕುಳಿತು ಹಳೆಯ ಬಟ್ಟೆಯ ಜಡೆ ಹೆಣೆದು, ಸುತ್ತಿ ಸುತ್ತಿ ಹೊಲಿದು ನೆಲಕ್ಕೆ ಹಾಸುವ ದುಂಡು ಕಂಬಳಿ ಮಾಡುತ್ತಿದ್ದಳು. ಗಂಡನ ಊದಿದ ಕಣ್ಣು ನೋಡಿ, "ಸೋತ್ರಾ?" ಎಂದಳು.

"ಗೆದ್ದ" ಎಂದೆ.

"ಗೆದ್ದವನು ಹೀಗಿದ್ರೆ ಸೋತವನ ಮನೇಲಿ ಶವಪೆಟ್ಟಿಗೆ ಮಾಡಿಸ್ತಿದ್ದಾರಾ?"

ಫಿನ್ಲೇ ಎಲ್ಲ ಹೇಳಿದ. ಟಿಲ್ಲಿ ಈಗ ಮೇಲಿನ ದರ್ಜೆ. ಶಾರ್ಲಟ್‌ಟೌನಿನಲ್ಲಿ ಬಿರುಗಾಳಿಗಳ ಜೊತೆ ಓಡಬೇಕು. ತೊಂಬತ್ತು ಡಾಲರ್ ಹೋಯಿತು. "ಲಗಾಮು ಬಿಗಿ ಹಿಡಿದಿದ್ದೆ ಡೋಸಿ, ಆಣೆಗೂ! ಎಲ್ಲಾ ಕುದುರೆನೂ ಎರಡೆರಡು ಸೆಕೆಂಡ್ ಬೇಗ ಬಂದ್ವಲ್ಲ, ಏನು ಮಾಟ ಇದು?"

ಯೂಫೀಮಿಯಾ ಸೂಜಿ ನಿಲ್ಲಿಸಿದಳು. "ಎಲ್ಲಾ ಕುದುರೆನೂನಾ?"

"ಎಲ್ಲಾ."

"ಬೇಲಿ ಎಷ್ಟು ಒಳಗೆ ಹಾಕಿದೆ ನೀನು?"

"ಆರಡಿ. ಅಗಲ ಆಗ್ಲಿ ಅಂತ..."

"ನನ್ನ ಮುಂದೆ ಯೋಜನೆ ಬಿಡಬೇಡ, ಬುಡ ಕೀಳೋಕೆ ಸೋಮಾರಿತನ ಅಂತ ನನಗೆ ಅವತ್ತೇ ಗೊತ್ತು." ಅವಳು ಕಂಬಳಿಯ ಮೇಲೆ ಬೆರಳಾಡಿಸಿದಳು. "ಇಲ್ಲಿ ನೋಡು. ಹೊರಗಿನ ಸುತ್ತಿಗೆ ಇಷ್ಟುದ್ದ ಜಡೆ ಬೇಕು. ಒಂದೇ ಒಂದು ಬೆರಳು ಒಳಗೆ ಬಾ. ಆರು ಬೆರಳು ಜಡೆ ಉಳೀತು. ಒಂದು ಬೆರಳಿಗೆ ಆರು ಬೆರಳು ಉಳಿದ್ರೆ ಆರಡಿಗೆ ಎಷ್ಟು ಉಳಿದಿರಬೇಕು? ಹತ್ತು ವರ್ಷದಿಂದ ಇಂಥ ಕಂಬಳಿ ಮೇಲೇ ಬೂಟು ಒರೆಸ್ತೀರಲ್ಲ ಇಬ್ಬರೂ."

ಫಿನ್ಲೇ ಕಂಬಳಿ ನೋಡಿದ. ನಾನೂ ನೋಡಿದೆ. ಮೆಲ್ಲನೆ ಬಂಡಿಯ ಗಾಲಿಗೆ ಕೆಂಪು ಚಿಂದಿ ಕಟ್ಟಿಕೊಂಡು ಇಬ್ಬರೂ ಓಟದ ಹಾದಿಗೆ ಹೋದೆವು. ಹಳೆಯ ಬುಡಗಳ ಸಾಲಿನಲ್ಲಿ ಒಂದು ಸುತ್ತು, ಹೊಸ ಬೇಲಿಯ ಪಕ್ಕ ಒಂದು ಸುತ್ತು ತಳ್ಳಿ ಚಿಂದಿ ಎಷ್ಟು ಸಲ ಮೇಲೆ ಬಂತೆಂದು ಎಣಿಸಿದೆವು. ಸುತ್ತಿಗೆ ಮೂವತ್ತೆಂಟು ಅಡಿ ಕಡಿಮೆ. ಎರಡು ಸುತ್ತಿಗೆ ಎಪ್ಪತ್ತಾರು. ಎಪ್ಪತ್ತಾರಡಿ ಓಡಲು ಕುದುರೆಗೆ ಎರಡು ಸೆಕೆಂಡ್ ಬೇಕು.

ಫಿನ್ಲೇಗೆ ಹೋದ ಜೀವ ಬಂತು. ಹಾದಿ ಮೋಸದ್ದೆಂದು ಸಾಬೀತಾದರೆ ದಾಖಲೆ ರದ್ದು. ಟಿಲ್ಲಿ ಮತ್ತೆ ಹಳೆಯ ದರ್ಜೆಗೆ. ಶಾರ್ಲಟ್‌ಟೌನಿಗೆ ಹೆಸರು ಬರೆಸಲು ಇನ್ನೂ ಹದಿನೆಂಟು ದಿನವಿತ್ತು. "ಮುಂದಿನ ಸಭೇಲೇ ಹೇಳ್ತೀನಿ" ಎಂದ.

"ಹೇಳು" ಎಂದೆ. ನನ್ನ ಎರಡೂವರೆ ಡಾಲರಿನ ಲಾಳ ನೆನಪಾಗಿ ಧ್ವನಿ ಸ್ವಲ್ಪ ಸಣ್ಣದಾಯಿತು.

ನಾಲ್ಕು ದಿನದ ಮೇಲೆ ನಡೆದ ಸಂಘದ ಸಭೆಯಲ್ಲಿ ಅವನು ಎದ್ದು ನಿಂತು ಸೋಮಾರಿತನ ಒಪ್ಪಿಕೊಂಡ, ರಿಬ್ಬನ್ ಬಿಚ್ಚಿ ಮೇಜಿನ ಮೇಲಿಟ್ಟ, ಹಾದಿ ಗಿಡ್ಡ ಎಂದ. ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು.

ಅವರ ಕಷ್ಟವನ್ನೂ ಹೇಳಬೇಕು. ಕರ್ನಲ್‌ನ ಎರಡು-ಹದಿನೇಳರ ಸುದ್ದಿ ಕೇಳಿ ಮೇಯ್ನ್ ರಾಜ್ಯದಿಂದ ಥರ್ಲೋ ಎಂಬ ಕುದುರೆ ವ್ಯಾಪಾರಿ ಹಡಗು ಹತ್ತಿ ಬಂದಿದ್ದ. ಬಾಗಿಲ ಬಳಿ ಚುಟ್ಟ ಸೇದುತ್ತ ಆ ಸಭೆಯಲ್ಲೇ ಕುಳಿತಿದ್ದ. ಹೆಕ್ಟರ್ ಅವನ ಕಡೆಗೊಂದು ನಗೆ ಬೀರಿ, ಫಿನ್ಲೇ ಕಡೆಗೊಂದು ಕಣ್ಣು ಕೆಕ್ಕರಿಸಿದ. ಎರಡನ್ನೂ ಒಂದೇ ಮುಖದಲ್ಲಿ ಮಾಡಿದ್ದು ಮೆಚ್ಚಬೇಕಾದದ್ದೇ.

"ಆರಡಿ ಸರಿಸಿದ್ರೆ ಆರಡಿ ಕಡಿಮೆ ಆಗ್ಬೇಕು. ಎಪ್ಪತ್ತಾರು ಎಲ್ಲಿಂದ ಬರುತ್ತೆ? ಮರಿ ಹಾಕುತ್ತಾ ಅಡಿ?" ಎಂದ ಹೆಕ್ಟರ್.

"ಎರಡು ಸುತ್ತಿಗೆ ಹನ್ನೆರಡು ಅಂತ ಇಟ್ಕೊಳ್ಳೋಣ ಹೆಕ್ಟರ್, ನ್ಯಾಯ ನ್ಯಾಯವೇ" ಎಂದರು ಫಾದರ್.

"ನಿನ್ನ ಕುದುರೆ ಬೇಗ ಓಡಿದ್ದಕ್ಕೆ ನಮ್ಮ ಕುದುರೆನೆಲ್ಲ ನಿಧಾನ ಮಾಡ್ತೀಯೇನಯ್ಯಾ?" ಎಂದು ಹಿಂದಿನಿಂದ ಯಾರೋ ಕೂಗಿದರು.

"ಟಿಲ್ಲಿ ಓಡಲೇ ಇಲ್ಲ!" ಎಂದು ಫಿನ್ಲೇ ಬೊಬ್ಬೆ ಹಾಕಿದ. "ಅದರ ಕೈಲಿ ಆಗೋದಿಲ್ಲ! ಬೈಬಲ್ ತನ್ನಿ, ಮುಟ್ಟಿ ಹೇಳ್ತೀನಿ. ಎರಡು-ಇಪ್ಪತ್ತಾರೂವರೆ, ಅದೂ ಗಾಳಿ ಹಿಂದಿನಿಂದ ಬಂದ್ರೆ!"

ಮತಕ್ಕೆ ಹಾಕಿದರು. ಹಾದಿ ಸರಿಯಾಗಿದೆ ಎಂದು ಹನ್ನೊಂದು ಕೈ ಎದ್ದವು. ಇಲ್ಲ ಎಂದು ಒಂದು. ನನ್ನ ಕೈ ಏನು ಮಾಡಿತು ಎಂದು ಕೇಳಬೇಡಿ. ಮೂಗು ತುರಿಸುತ್ತಿತ್ತು.

ಫಿನ್ಲೇ ಬಿಡಲಿಲ್ಲ. ಶಾರ್ಲಟ್‌ಟೌನಿನ ಮೇಲಿನ ಸಂಘಕ್ಕೆ ತಾನೇ ಕಾಗದ ಬರೆದ. ಒಂಬತ್ತನೇ ದಿನ ಮಿಸ್ಟರ್ ಪ್ರೌಸ್ ಎಂಬ ಸಣಕಲು ಮನುಷ್ಯ ಉಕ್ಕಿನ ಸರಪಳಿ ಹಿಡಿದು ರೈಲಿನಿಂದ ಇಳಿದ. ಆ ಒಂಬತ್ತು ದಿನ ಹೆಕ್ಟರ್ ಅಂಗಡಿಯಲ್ಲಿ ಫಿನ್ಲೇಗೆ ಚಹಾಪುಡಿ ಖಾಲಿಯಾಗಿತ್ತು, ಸಕ್ಕರೆ ಖಾಲಿಯಾಗಿತ್ತು, ಗೋಡೆಯ ಮೊಳೆ ಕೂಡ ಖಾಲಿಯಾಗಿತ್ತು. ಚರ್ಚಿನಲ್ಲಿ ಅವನ ಬೆಂಚಿನಲ್ಲಿ ಅವನೊಬ್ಬನೇ. ಯೂಫೀಮಿಯಾ ಕೂಡ ಬಾಯಿ ಬಿಡಲಿಲ್ಲ. ಅದೊಂದು ಮಾತ್ರ ಅವನಿಗೆ ಆರಾಮ ಎನಿಸಿತಂತೆ.

ಪ್ರೌಸ್ ಅಳೆಯುವಾಗ ಇಡೀ ಊರು ಹಿಂದೆ ನಡೆಯಿತು. ನಿಯಮದಂತೆ ಬೇಲಿಯಿಂದ ಮೂರಡಿ ಹೊರಗೆ ಸರಪಳಿ ಹಾಸುತ್ತ, ಮೊಳೆ ಊರುತ್ತ, ಬರೆದುಕೊಳ್ಳುತ್ತ, ಮಧ್ಯಾಹ್ನದವರೆಗೆ ಸುತ್ತಿದ. ಆಮೇಲೆ ಹಳೆಯ ಬುಡಗಳ ಸಾಲನ್ನೂ ಕೇಳಿ ಅಳೆದ. ಎರಡು ಸಲ ಅಳೆದ. ಕೊನೆಗೆ ಕನ್ನಡಕ ಒರೆಸಿಕೊಂಡು, "ಈ ಹಾದಿ ಮೊದಲು ಹಾಕಿದ್ದು ಯಾರು?" ಎಂದ.

"ನಮ್ಮಪ್ಪ" ಎಂದ ಹೆಕ್ಟರ್ ಎದೆ ಉಬ್ಬಿಸಿ. "ನಲವತ್ತು ವರ್ಷದ ಹಿಂದೆ, ಬರೀ ಹೆಜ್ಜೆಯಲ್ಲಿ ಅಳೆದು."

"ನಿಮ್ಮ ತಂದೆಯವರ ಕಾಲು ಉದ್ದವಿತ್ತಾ?"

ಹೆಕ್ಟರ್ ತನ್ನ ಕಾಲು ನೋಡಿಕೊಂಡ. ನಾವೂ ನೋಡಿದೆವು. ಬೀಟನ್ ಮನೆತನದವರ ಕಾಲಿನ ಬಗ್ಗೆ ಹೊಸದಾಗಿ ಹೇಳುವುದೇನಿರಲಿಲ್ಲ.

"ಹಳೆಯ ಹಾದಿ ಸುತ್ತಿಗೆ ಮೂವತ್ತೆಂಟು ಅಡಿ ಉದ್ದ ಹೆಚ್ಚಿತ್ತು" ಎಂದ ಪ್ರೌಸ್. "ನಲವತ್ತು ವರ್ಷ ನಿಮ್ಮ ಕುದುರೆಗಳು ಒಂದು ಮೈಲಿಗಿಂತ ಎಪ್ಪತ್ತಾರಡಿ ಜಾಸ್ತಿ ಓಡಿವೆ. ಈಗಿನ ಬೇಲಿಗೆ ಅಳೆದರೆ ಮೈಲಿ ಸರಿಯಾಗಿ ಮೈಲಿ. ನಾಲ್ಕಿಂಚು ಹೆಚ್ಚೇ ಇದೆ. ಬೇಲಿ ಹಾಕಿದವರು ಯಾರೋ, ಬಹಳ ಪಕ್ಕಾ ಕೆಲಸ. ಜುಲೈ ಒಂದರ ದಾಖಲೆಗಳೆಲ್ಲ ಊರ್ಜಿತ."

ಕ್ಷಣಾರ್ಧದಲ್ಲಿ ಫಿನ್ಲೇ ಮತ್ತೆ ಜನರ ಹೆಗಲ ಮೇಲಿದ್ದ. ಈ ಸಲ ಅವನು ಕೂಗಲೂ ಇಲ್ಲ. ಹಿಟ್ಟಿನ ಮೂಟೆಯ ಹಾಗೆ ಜೋತುಬಿದ್ದಿದ್ದ. ಹೆಕ್ಟರ್ ಓಡಿಹೋಗಿ ಹಳೆಯ ದಾಖಲೆ ಪುಸ್ತಕಗಳನ್ನು ಹೊತ್ತು ತಂದ. "ಹಾಗಾದ್ರೆ ಸ್ವಾಮಿ, ನಮ್ಮಪ್ಪನ ಕುದುರೆ ಬ್ರಿಗೇಡಿಯರ್‌ಗೂ ಎರಡು ಸೆಕೆಂಡ್ ಕಮ್ಮಿ ಮಾಡಿ ಬರೀಬೇಕು!"

"ಅದು ಎಲ್ಲಿದೆ?"

"ಸತ್ತು ಇಪ್ಪತ್ತೆರಡು ವರ್ಷ ಆಯ್ತು."

"ಸತ್ತ ಕುದುರೆಗೆ ಬಡ್ತಿ ಕೊಡುವ ನಿಯಮ ನಮ್ಮಲ್ಲಿಲ್ಲ" ಎಂದು ಪ್ರೌಸ್ ಸರಪಳಿ ಸುತ್ತಿಕೊಂಡ. ಅವನು ರೈಲು ಹತ್ತುವವರೆಗೂ ಆರು ಮನೆಯವರು ಆರು ಸತ್ತ ಕುದುರೆಗಳ ಪರವಾಗಿ ಅರ್ಜಿ ಹಿಡಿದು ಹಿಂಬಾಲಿಸಿದರು.

ಈ ಗದ್ದಲದಲ್ಲಿ ಮೇಯ್ನ್‌ನ ಥರ್ಲೋ ಚುಟ್ಟ ಆರಿಸಿ ಮೆಲ್ಲಗೆ ಫಿನ್ಲೇ ಹತ್ತಿರ ಬಂದ. ನಾನು ಪಕ್ಕದಲ್ಲೇ ಇದ್ದೆ. ಯೂಫೀಮಿಯಾ ಕೂಡ, ಗಂಡನನ್ನು ಮನೆಗೆ ಎಳೆದೊಯ್ಯಲು ಬಂದು ನಿಂತಿದ್ದಳು.

"ಮೂವತ್ತು ವರ್ಷದಿಂದ ಕುದುರೆ ಕೊಳ್ತಿದ್ದೀನಿ" ಎಂದ ಥರ್ಲೋ. "ತನ್ನ ಕುದುರೆ ಮಂದ ಅಂತ ಬೈಬಲ್ ಮುಟ್ಟೋಕೆ ಹೊರಟವನನ್ನ ಕಂಡಿಲ್ಲ. ನೀನು ಲಗಾಮು ಬಿಗಿ ಹಿಡಿದೇ ಎರಡು-ಇಪ್ಪತ್ತನಾಲ್ಕೂವರೆ ಬಂದಿದೆ ಅಂದ್ರೆ, ಬಿಟ್ಟರೆ ಎಷ್ಟಕ್ಕೆ ಬರುತ್ತೆ? ಆ ಕರ್ನಲ್ ನನಗೆ ಬೇಡ. ಟಿಲ್ಲಿಗೆ ಮುನ್ನೂರು ಡಾಲರ್. ಈಗಲೇ, ಕೈ ಮೇಲೆ."

ಮುನ್ನೂರು. ಆರು ಹಸು. ಫಿನ್ಲೇ ಹೆಂಡತಿಯ ಕಡೆ ನೋಡಿ ತಲೆ ತಗ್ಗಿಸಿದ. ಮಾತು ಕೊಟ್ಟಾಗಿತ್ತು. ಗೆಲ್ಲುವ ದರ್ಜೆ ಹೋಗಿತ್ತು. ಮಾರದೆ ಉಪಾಯವಿರಲಿಲ್ಲ. "ಲಗಾಮು ತರ್ತೀನಿ" ಎಂದು ಹೇಳಿ ಎರಡು ಹೆಜ್ಜೆ ಇಟ್ಟ.

"ನಿಂತ್ಕೋ" ಎಂದಳು ಯೂಫೀಮಿಯಾ. ಥರ್ಲೋ ಕಡೆ ತಿರುಗಿದಳು. "ಯಾಕೆ ಮುನ್ನೂರು?"

"ಕುದುರೆ ಅಷ್ಟು ಬಾಳುತ್ತಮ್ಮ."

"ನಿಮಗೆ ಬಾಳೋದು ನಮಗೆ ಬಾಳಲ್ವಾ? ಇಷ್ಟು ದಿನ ಇವನು ಎಂಬತ್ತೈದರ ಕುದುರೆ ಸಾಕ್ತಿದ್ದಾನೆ ಅಂದ್ಕೊಂಡಿದ್ದೆ. ಎಂಬತ್ತೈದರ ಕುದುರೆಗೆ ನೂರು ಡಾಲರ್ ಮೇವು ದಂಡ. ಮುನ್ನೂರರ ಕುದುರೆಗೆ ದಂಡ ಅಲ್ಲ."

"ಯೂಫಿ, ಮೇಲಿನ ದರ್ಜೆ ಕಣೇ! ಗೆಲ್ಲಲ್ಲ!" ಎಂದ ಫಿನ್ಲೇ, ಗಾಬರಿಯಿಂದ ಸತ್ಯ ಹೇಳಿಬಿಟ್ಟು.

"ನೀನು ಎಳೆದು ಹಿಡಿದ್ರೆ ಗೆಲ್ಲಲ್ಲ. ಎರಡು ವರ್ಷ ಅದನ್ನ ಹಿಡಿದೇ ಇಟ್ಟೆಯಲ್ಲ, ಇನ್ಮೇಲೆ ಬಿಡು. ನಾನೂ ಬರ್ತೀನಿ, ಬಿಡ್ತೀಯೋ ಇಲ್ವೋ ನೋಡ್ತೀನಿ."

ಥರ್ಲೋ ಮುನ್ನೂರ ಇಪ್ಪತ್ತು ಅಂದ. ಅದು ಅವನ ತಪ್ಪು. ಅವಳ ದೃಷ್ಟಿಯಲ್ಲಿ ಟಿಲ್ಲಿ ಇನ್ನೂ ಇಪ್ಪತ್ತು ಡಾಲರ್ ಒಳ್ಳೆಯ ಕುದುರೆಯಾಯಿತು ಅಷ್ಟೆ.

ಆಗಸ್ಟಿನಲ್ಲಿ ಶಾರ್ಲಟ್‌ಟೌನಿಗೆ ಹೋದೆವು. ಎರಡು-ಇಪ್ಪತ್ತೈದರ ದರ್ಜೆಯ ಪಂದ್ಯವನ್ನು ಒಂದು ಬೂದು ಕುದುರೆ ಎರಡು-ಇಪ್ಪತ್ತಾರರಲ್ಲಿ ಗೆದ್ದು ತೊಂಬತ್ತು ಡಾಲರ್ ಒಯ್ದಿತು. ಟಿಲ್ಲಿ ಅದನ್ನು ಮಲಗಿಕೊಂಡು ಸೋಲಿಸುತ್ತಿದ್ದಳು. ಫಿನ್ಲೇ ಆ ಓಟ ಮುಗಿಯುವವರೆಗೂ ಕಣ್ಣು ಮುಚ್ಚಿಕೊಂಡಿದ್ದ. ಮುಂದಿನದು ಟಿಲ್ಲಿಯ ಓಟ. ಎಂಟು ಕುದುರೆ. ಫಿನ್ಲೇ ಕೀರ್ತನೆ ಗುನುಗಲಿಲ್ಲ. ಲಗಾಮು ಬಿಟ್ಟ. ಕಟಾಂಜನದ ಮೇಲೆ ಹತ್ತಿ ನಿಂತು, ಟೋಪಿ ಬೀಸುತ್ತ, ಚರ್ಚಿಗೆ ಹೋಗುವ ಹೆಂಗಸು ಹೇಳಬಾರದ್ದನ್ನೆಲ್ಲ ಹೇಳಿ ಕುದುರೆಯನ್ನು ಹುರಿದುಂಬಿಸಿದವಳು ಯೂಫೀಮಿಯಾ. ಟಿಲ್ಲಿ ಐದನೆಯವಳಾಗಿ ಬಂದಳು. ನನ್ನ ಕೈಗಡಿಯಾರದಲ್ಲಿ ಎರಡು-ಇಪ್ಪತ್ತೊಂದು. ಅಷ್ಟು ವೇಗ ಅವಳು ಅದುವರೆಗೆ ಓಡಿರಲಿಲ್ಲ. ಬಹುಮಾನ ನಾಲ್ಕನೆಯವರೆಗೆ ಮಾತ್ರ.

ಫಿನ್ಲೇ ಕಳೆದುಕೊಂಡದ್ದು: ಖಾತ್ರಿಯಾಗಿದ್ದ ತೊಂಬತ್ತು ಡಾಲರ್, ಕೈಗೆ ಬಂದಿದ್ದ ಮುನ್ನೂರ ಇಪ್ಪತ್ತು, ಹೆಸರು ಬರೆಸಿದ ಹತ್ತು. ನಾನು ಲಾಳದ ದರ ಮತ್ತೆ ಎರಡಕ್ಕೆ ಇಳಿಸಬೇಕಾಯಿತು. ಊರಿಗೆ ದಕ್ಕಿದ್ದು, ನಲವತ್ತು ವರ್ಷದ ಮೇಲೆ, ಸರಿಯಾದ ಒಂದು ಮೈಲಿ. ಫಿನ್ಲೇಗೆ ದಕ್ಕಿದ್ದು ಟಿಲ್ಲಿ.